ದಿನಕ್ಕೆ ಮೂರು ಆಟ

ಮಧ್ಯಾಹ್ನದ ಆಟ ಶುರುವಾಗುವ ಮುಂಚೆಯೇ ನಮ್ಮತ್ತೆಗೆ ಊಟ ಮುಗಿಸಿಬಿಡಬೇಕಿತ್ತು. ಸ್ವಲ್ಪ ತಡವಾದರೂ ತುಂಬಿದ ಹೊಟ್ಟೆಯಲ್ಲಿ ಗುಡ್ಡ ಹತ್ತಿದ ಹಾಗಾಗಿ ಸಂಕಟಪಡುತ್ತಿದ್ದರು. ಟಾಕೀಸಿನ ಮೊದಲ ಗಂಟೆ ನಮ್ಮ ಬೀದಿಯವರೆಗೂ ಕೇಳುತ್ತದೆ. ಗಂಟೆ ಹೊಡೆಯಿತೆಂದರೆ ನಾನು ತಟ್ಟೆ ಎತ್ತಿ, ಅವರ ಬಾಯಿ ಒರೆಸಿ, ಮಂಚದ ಮೇಲೆ ನೇರವಾಗಿ ಮಲಗಿಸಿ, ಪಕ್ಕದಲ್ಲಿ ಒಂದು ಚೊಂಬು ನೀರು ಇಡುತ್ತಿದ್ದೆ. ಆಮೇಲೆ ಅವರು ಓಡಲು ಶುರು ಮಾಡುತ್ತಿದ್ದರು. ಕಾಲು ಅಲ್ಲಾಡುತ್ತಿರಲಿಲ್ಲ. ಮಹಡಿ ಮೆಟ್ಟಿಲಿಂದ ಜಾರಿ ಬಿದ್ದು ಬೆನ್ನುಮೂಳೆಗೆ ಪೆಟ್ಟಾದಾಗಿನಿಂದ ಸೊಂಟದ ಕೆಳಗೆ ಅವರಿಗೆ ಏನೂ ಇರಲಿಲ್ಲ. ಉಸಿರು ಮಾತ್ರ ಏರುತ್ತಿತ್ತು, ಹಣೆಯ ಮೇಲೆ ಬೆವರು ಮೂಡುತ್ತಿತ್ತು, ಬೆರಳುಗಳು ಹೊದಿಕೆಯ ಅಂಚನ್ನು ಹಿಡಿದುಕೊಳ್ಳುತ್ತಿದ್ದವು. ಬೀದಿಯಲ್ಲಿ ಹೋಗುವವರು ಕಿಟಕಿಯಲ್ಲಿ ಇಣುಕಿ, "ಪುಟ್ಟತಾಯಮ್ಮ ಹೊರಟ್ರಾ?" ಎಂದು ಕೇಳುತ್ತಿದ್ದರು. ನಾನು, "ಹ್ಞೂ, ಆಗ್ಲೇ ಹುಣಸೇಮರ ದಾಟಿರ್ತಾರೆ" ಅನ್ನುತ್ತಿದ್ದೆ.

ನಮ್ಮೂರಿನಲ್ಲಿ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಕೈಯಿಂದ ಚಿತ್ರ ಬರೆದರೆ, ಚಿತ್ರದಲ್ಲಿ ಆದದ್ದು ಅವರ ಮೈಗೂ ತಾಕುತ್ತದೆ. ಫೋಟೋ ತೆಗೆದರೆ ಏನೂ ಇಲ್ಲ, ಬರೆದರೆ ಮಾತ್ರ. ಹಾಗಾಗಿ ಶಾಲೆಯಲ್ಲಿ ಮಕ್ಕಳಿಗೆ ಹೂಕುಂಡ, ಬಾಳೆಗೊನೆ, ಎರಡು ಬೆಟ್ಟದ ನಡುವೆ ಹುಟ್ಟುವ ಸೂರ್ಯ, ಇಷ್ಟನ್ನೇ ಹೇಳಿಕೊಡುತ್ತಾರೆ. ಆದರೂ ಯಾವುದೋ ಮಗು ಗೋಡೆಯ ಮೇಲೆ ಅಮ್ಮನನ್ನು ಬರೆದು, ಕೈಗಳನ್ನು ಮೊಣಕಾಲಿನವರೆಗೆ ಎಳೆದುಬಿಡುತ್ತದೆ. ಆ ತಾಯಿ ತೋಳು ಜಗ್ಗುತ್ತಿದೆಯೆಂದು ಭುಜ ನೀವಿಕೊಳ್ಳುತ್ತ, ಒದ್ದೆ ಬಟ್ಟೆ ಹಿಡಿದು ಮನೆಯ ಗೋಡೆಗಳನ್ನೆಲ್ಲ ಹುಡುಕುತ್ತಾಳೆ. ಮದುವೆ ಮನೆಯ ಗೋಡೆಗೆ ಗಂಡು ಹೆಣ್ಣಿನ ಚಿತ್ರ ಬರೆಸುವಾಗ ಹಿರಿಯರೊಬ್ಬರು ಪಕ್ಕದಲ್ಲೇ ನಿಂತು ಬಾಯಿ ನಗುತ್ತಿದೆಯೋ ಇಲ್ಲವೋ ನೋಡಿಕೊಳ್ಳುತ್ತಾರೆ. ಹಲ್ಲಿನ ಡಾಕ್ಟರೊಬ್ಬರು ಹೊಸದಾಗಿ ಬಂದವರು, ಗೊತ್ತಿಲ್ಲದೆ, ಕೆನ್ನೆ ಊದಿದ ಗಂಡಸೊಬ್ಬನನ್ನು ಬೋರ್ಡಿನ ಮೇಲೆ ಬರೆಸಿದರು. ಪೇಂಟರು ಯಾರ ಮುಖ ನೆನೆಸಿಕೊಂಡಿದ್ದನೋ, ಎಣ್ಣೆ ಅಂಗಡಿಯ ಶೆಟ್ಟರು ಮಾರನೆಯ ದಿನ ಕೆನ್ನೆ ಹಿಡಿದುಕೊಂಡು ಅದೇ ಡಾಕ್ಟರ ಎದುರು ಹೋಗಿ ಕೂತರು. ಬೋರ್ಡು ಇಳಿಸಿದ ಮೇಲೆ ನೋವೂ ಇಳಿಯಿತು.

ಇಂಥ ಊರಿನಲ್ಲಿ ಎಲಿಯಾಸ್ ಮೇಷ್ಟ್ರು ಕಾರ್ಟೂನ್ ಚಿತ್ರ ಮಾಡುತ್ತೇನೆಂದು ಹೊರಟಾಗ ಜನ ನಕ್ಕರಂತೆ. ಅವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಹಳೆಯ ಹತ್ತಿ ಗೋದಾಮೊಂದನ್ನು ಬಾಡಿಗೆಗೆ ಹಿಡಿದು, ಕೆಳಗೆ ಬಲ್ಬು ಉರಿಯುವ ಗಾಜಿನ ಮೇಜುಗಳನ್ನು ಹಾಕಿಸಿದರು. ಮೊದಲನೆಯ ಚಿತ್ರದಲ್ಲಿ ಯಾರ ಹಾಗೂ ಇಲ್ಲದ ಮುಖಗಳನ್ನು ಬರೆದರು. ಮಕ್ಕಳು ಅರ್ಧಕ್ಕೇ ಎದ್ದು ಮನೆಗೆ ಹೋಗೋಣವೆಂದು ಅಳತೊಡಗಿದವು. ಆಮೇಲೆ ಮೇಷ್ಟ್ರು ಮನೆಮನೆಗೆ ಹೋಗಿ, "ನಿಮ್ಮನ್ನ ಬರೀಬಹುದಾ? ಮೈಗೆ ಸ್ವಲ್ಪ ತೊಂದ್ರೆ ಆಗ್ಬಹುದು" ಎಂದು ಕೇಳಿ, ಒಪ್ಪಿದವರನ್ನಷ್ಟೇ ಬರೆದರು. ಆಗ ಚಿತ್ರಕ್ಕೆ ಜೀವ ಬಂತು. ಮೊದಲು ಒಪ್ಪಿದವನು ಕ್ಷೌರದ ಅಂಗಡಿಯ ಜಟ್ಟಪ್ಪ. ದಪ್ಪ ಹೊಟ್ಟೆ, ತೆಳ್ಳಗಿನ ಕಾಲು. ಅವನು ಬೀಳುವುದನ್ನು ನೋಡಲೆಂದೇ ಜನ ಬರುತ್ತಿದ್ದರು. ಏಣಿಯಿಂದ ಬೀಳುವುದು, ಸೆಗಣಿ ತುಳಿದು ಜಾರುವುದು, ಬಾಗಿಲಿಗೆ ಹಣೆ ಚಚ್ಚಿಕೊಳ್ಳುವುದು, ಎಲ್ಲ ಅವನ ಪಾಲಿಗೆ. ಆಟದ ಹೊತ್ತಿಗೆ ಅವನು ಅಂಗಡಿ ಬಾಗಿಲು ಎಳೆದುಕೊಂಡು ಚಾಪೆ ಹಾಸಿ ಮಲಗುತ್ತಿದ್ದ. ಕೈಯಲ್ಲಿ ಕತ್ತಿ ಹಿಡಿದು ಬೀಳುವುದು ಗಿರಾಕಿಗೂ ಒಳ್ಳೆಯದಲ್ಲ, ತನಗೂ ಒಳ್ಳೆಯದಲ್ಲ ಅನ್ನುತ್ತಿದ್ದ.

ನಾನು ಮೇಷ್ಟ್ರ ಕೈಕೆಳಗೆ ಕೆಲಸ ಕಲಿತವಳು. ಒಂದೊಂದು ಹೆಜ್ಜೆಗೂ ಒಂದು ಕಟ್ಟು ಹಾಳೆ ಬೇಕು. ಕಾಲು ಎತ್ತಿದ್ದು ಒಂದರಲ್ಲಿ, ಇನ್ನೂ ಸ್ವಲ್ಪ ಎತ್ತಿದ್ದು ಇನ್ನೊಂದರಲ್ಲಿ. ಆ ಕಟ್ಟು ಯಂತ್ರದಲ್ಲಿ ಓಡಿದಾಗಲೇ ನಡಿಗೆ ಮೈಗೆ ತಾಕುವುದು. ಮದುವೆಯಾಗಿ ಬಂದ ಮೇಲೂ ಅತ್ತೆ ನನ್ನನ್ನು ಕೆಲಸಕ್ಕೆ ಹೋಗಬೇಡ ಅನ್ನಲಿಲ್ಲ. ಆಗೆಲ್ಲ ಮನೆಯ ಕೆಲಸ ಅವರೇ ನೋಡಿಕೊಳ್ಳುತ್ತಿದ್ದರು. ನನ್ನ ಗಂಡ ಮರಿಸ್ವಾಮಿ ನೀರುಗಂಟಿ, ಬೀದಿಬೀದಿಗೆ ನೀರು ಬಿಡುವವರು, ಮನೆಯಲ್ಲಿ ಇರುತ್ತಿದ್ದುದೇ ಅಪರೂಪ. ಅತ್ತೆ ಬಿದ್ದು ಮಂಚ ಹಿಡಿದ ಮೇಲೆ ಒಂದು ವರ್ಷ ಅವರು ಗೋಡೆಯ ಕಡೆ ಮುಖ ಮಾಡಿಕೊಂಡೇ ಇದ್ದರು. ಏನು ಕೇಳಿದರೂ "ಆಗ್ಲಿ" ಅನ್ನುವುದೊಂದೇ ಮಾತು. ನನಗೆ ನೋಡಲಾಗಲಿಲ್ಲ. ಅವರನ್ನೊಂದು ಮಾತು ಕೇಳಿ, ಅವರು "ಆಗ್ಲಿ" ಅಂದದ್ದನ್ನೇ ಒಪ್ಪಿಗೆಯೆಂದುಕೊಂಡು, ಗೋದಾಮಿನಲ್ಲಿ ಕೂತು ಅವರು ನಡೆಯುವ ಚಿತ್ರ ಬರೆದೆ. ಹಿತ್ತಲ ಬಾಗಿಲು ತೆರೆದು, ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಧಾನವಾಗಿ ನಡೆದು ಬಾವಿಯ ಹತ್ತಿರ ನಿಲ್ಲುವುದು, ಅಷ್ಟೇ. ಮೇಷ್ಟ್ರು ಅದನ್ನು ಯಂತ್ರಕ್ಕೆ ಹಾಕಿ ಓಡಿಸಿದರು.

ಸಂಜೆ ಮನೆಗೆ ಬಂದರೆ ನನ್ನ ಗಂಡ ಬಾಗಿಲಲ್ಲೇ ನಿಂತಿದ್ದರು. "ಅವ್ವ ಕೂಗಿ ಕರೆದ್ಲು ಕಣೇ. ನಡೆದೆ ಕಣೋ ಮರೀ, ನಡೆದೆ ಕಣೋ ಅಂತ. ಏನ್ ಮಾಡ್ದೆ ನೀನು?" ಎಂದರು. ಒಳಗೆ ಅತ್ತೆ ಬಾಗಿಲ ಕಡೆ ತಿರುಗಿ ಮಲಗಿದ್ದರು. ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಅತ್ತರು.

ಹೀಗೆ ಅತ್ತೆ ಗುಡ್ಡದಜ್ಜಿಯಾದರು. ಮೊದಲ ಚಿತ್ರದಲ್ಲಿ ತಪ್ಪಿಸಿಕೊಂಡ ಕರುವನ್ನು ಹುಡುಕಿಕೊಂಡು ಗುಡ್ಡದ ದಾರಿಯಲ್ಲಿ ನಡೆಯುವ ಅಜ್ಜಿ. ಊರಿಗೆ ಊರೇ ಅವಳನ್ನು ಮೆಚ್ಚಿಕೊಂಡಿತು. ಎರಡನೆಯದರಲ್ಲಿ ಬಸ್ಸಿನ ಜೊತೆ ಪಂದ್ಯ ಕಟ್ಟಿ ಓಡಿದಳು. ಮೂರನೆಯದರಲ್ಲಿ ಗಾಳಿಪಟದ ಹಿಂದೆ, ನಾಲ್ಕನೆಯದರಲ್ಲಿ ಒಂದು ತುಂಟ ಹೋತದ ಮುಂದೆ. ನಾನು ಪ್ರತಿ ಸಲವೂ ಓಟ ಹೆಚ್ಚಿಸುತ್ತ ಹೋದೆ. ನಡಿಗೆ ಇಷ್ಟು ಸಂತೋಷ ಕೊಟ್ಟರೆ ಓಟ ಇನ್ನೆಷ್ಟು ಕೊಡಬೇಡ ಎಂಬುದು ನನ್ನ ಲೆಕ್ಕ. ಅತ್ತೆಯನ್ನು ಕೇಳಿದರೆ, "ಚೆನ್ನಾಗಿ ಓಡಿಸ್ತೀಯ ಕಣಮ್ಮ" ಅನ್ನುತ್ತಿದ್ದರು. ನನ್ನ ಬಲಗೈ ಮಣಿಕಟ್ಟು ಊದಿಕೊಂಡಿತು. ಬಟ್ಟೆ ಸುತ್ತಿಕೊಂಡು ಬರೆದೆ. ಊಟಕ್ಕೆ ಕೂತಾಗ ಅನ್ನ ಕಲಸಲಾಗದೆ ಚಮಚ ಹಿಡಿದೆ. ಒಳಗೊಳಗೇ ಈ ಕೆಲಸ ಯಾವಾಗ ಮುಗಿದೀತು ಅನ್ನಿಸುತ್ತಿತ್ತು. ಅತ್ತೆಯ ಬೆವರಿದ ಮುಖ ನೋಡಿದಾಗ, ಅವರಿಗೆ ಇರುವುದು ಇದೊಂದೇ ಅಲ್ಲವೇ ಅಂದುಕೊಂಡು ಮತ್ತೆ ಮೇಜಿನ ಮುಂದೆ ಕೂರುತ್ತಿದ್ದೆ.

ಅಷ್ಟರಲ್ಲಿ ಮೇಷ್ಟ್ರ ಕೈ ನಡುಗತೊಡಗಿತು. ಜಟ್ಟಪ್ಪನ ಪಾತ್ರ ಅವರೇ ಬರೆಯುತ್ತಿದ್ದುದು. ಗೆರೆ ನಡುಗಿದರೆ ಜಟ್ಟಪ್ಪನಿಗೆ ಬಿರುಬೇಸಿಗೆಯಲ್ಲಿ ಚಳಿ. ಅವನು ಎರಡು ರಗ್ಗು ಹೊದ್ದು ಗೋದಾಮಿಗೆ ಬಂದು, "ಬೀಳೋದು ಪರವಾಗಿಲ್ಲ ಮೇಷ್ಟ್ರೇ, ಇದೊಂದು ತಡೆಯೋಕಾಗ್ತಿಲ್ಲ" ಎಂದ. ಮೇಷ್ಟ್ರು ಪೆನ್ಸಿಲ್ ಕೆಳಗಿಟ್ಟರು. ಹೊರ ಊರಿನಲ್ಲಿ ಕಂಪ್ಯೂಟರ್ ಅನಿಮೇಷನ್ ಕಲಿತಿದ್ದ ಮಗಳು ಫ್ಲೋರಿಯನ್ನು ಕರೆಸಿಕೊಂಡರು.

ಕಂಪ್ಯೂಟರಿನ ಕಾರ್ಟೂನು ನಮಗೆ ತೀರಾ ಹೊಸದಾಗಿರಲಿಲ್ಲ. ಹೊರಗಿನಿಂದ ಬಂದ ಒಂದೆರಡು ಚಿತ್ರ ಟಾಕೀಸಿನಲ್ಲಿ ಓಡಿದ್ದವು. ಮಕ್ಕಳು ನಾಯಿಯ ಮೈಯ ಕೂದಲು ಗಾಳಿಗೆ ಹಾರುವುದನ್ನು ನೋಡಿ ಕುಣಿದವು. ದೊಡ್ಡವರು ಮಾತ್ರ, "ಎಲ್ರಿಗೂ ಮುಖಕ್ಕೆ ಎಣ್ಣೆ ಸವರಿದ ಹಾಗಿದೆ, ನಮ್ಮ ಮೇಷ್ಟ್ರ ಚಿತ್ರದ ಹಾಗಿಲ್ಲ" ಎಂದು ತಾಂಬೂಲ ಹಾಕಿಕೊಂಡು ಮನೆಗೆ ನಡೆದರು. ಫ್ಲೋರಿ ಬಂದವಳೇ ಜಟ್ಟಪ್ಪನನ್ನು ಕಂಪ್ಯೂಟರಿನಲ್ಲಿ ಮಾಡಿದಳು. ಪರೀಕ್ಷೆಗೆಂದು ಅವನನ್ನು ನಮ್ಮ ಮುಂದೆಯೇ ಕುರ್ಚಿಯಲ್ಲಿ ಕೂರಿಸಿ, ತೆರೆಯ ಮೇಲೆ ಅವನನ್ನು ತೆಂಗಿನ ಮರದಿಂದ ಬೀಳಿಸಿದಳು. ಜಟ್ಟಪ್ಪ ಹಲ್ಲು ಕಚ್ಚಿ, ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿದ್ದ. ಸ್ವಲ್ಪ ಹೊತ್ತಿನ ಮೇಲೆ ಒಂದು ಕಣ್ಣು ತೆರೆದ.

"ಬಿದ್ದಾಯ್ತಾ?"

"ಆಯ್ತು ಜಟ್ಟಪ್ಪಣ್ಣ."

ಅವನು ಎದ್ದು ಸೊಂಟ ಮುಟ್ಟಿ ನೋಡಿಕೊಂಡ, ಬೆನ್ನು ಮುಟ್ಟಿ ನೋಡಿಕೊಂಡ. "ಇನ್ನೊಂದ್ಸಲ ಬೀಳಿಸಮ್ಮ" ಎಂದ. ಅವಳು ಬೀಳಿಸಿದಳು. ಅವನು ರಗ್ಗು ಮಡಿಸಿ ಕಂಕುಳಲ್ಲಿಟ್ಟುಕೊಂಡು, ಶಿಳ್ಳೆ ಹಾಕುತ್ತ ಹೋದ.

ಎಲ್ಲರೂ ನಕ್ಕರು. ಮುಂದಿನ ಚಿತ್ರವೆಲ್ಲ ಕಂಪ್ಯೂಟರಿನದೇ ಎಂದು ಮೇಷ್ಟ್ರು ಹೇಳಿದಾಗ ನನಗೆ ಕಂಡದ್ದು ಗೋಡೆಯ ಕಡೆ ತಿರುಗಿದ ಅತ್ತೆಯ ಬೆನ್ನು. ಅಲ್ಲಿಂದ ಒಂದಷ್ಟು ದಿನ ನಾನು ಗೋದಾಮಿನಲ್ಲಿ ಜಗಳಗಂಟಿಯಾದೆ. ಫ್ಲೋರಿ ಏನು ತೋರಿಸಿದರೂ ಒಂದು ಕೊಂಕು. "ಸೀರೆ ನೋಡು, ತಗಡು ಮಡಿಸಿದ ಹಾಗೆ ನಿಂತಿದೆ. ಈ ಮುದುಕಿ ನಗೋದೂ ಒಂದೇ ಥರ, ಅಳೋದೂ ಒಂದೇ ಥರ. ಕೈಯಲ್ಲಿ ಬರೆದ ಗೆರೆ ಉಸಿರಾಡ್ತದೆ ಫ್ಲೋರಿ."

ಅವಳು ಕೋಪ ಮಾಡಿಕೊಳ್ಳುವ ಹುಡುಗಿಯಲ್ಲ. ತಲೆಯೆತ್ತದೆ, "ಗೆರೆ ಉಸಿರಾಡಲ್ಲ ಪಂಕಜಕ್ಕ. ಉಸಿರಾಡೋದು ಜಟ್ಟಪ್ಪಣ್ಣ, ನಿಮ್ಮತ್ತೆ. ಬೀಳೋದೂ ಅವ್ರೇ, ಬೆವರೋದೂ ಅವ್ರೇ" ಎಂದಳು.

"ಅವರಿಗೆ ಅದು ಬೇಕು."

"ಕೇಳಿದೀರಾ?"

ನಾನು ಎದ್ದು ಮೇಷ್ಟ್ರ ಹತ್ತಿರ ಹೋದೆ. ಅವರು ಬೆಳಕಿಗೆ ಕೂತು ಹಳೆಯ ಹಾಳೆಗಳನ್ನು ಜೋಡಿಸುತ್ತಿದ್ದರು. ಸೀರೆ, ನಗು, ಗೆರೆ ಎಂದೆಲ್ಲ ಮೊದಲು ಅವರಿಗೂ ಹೇಳಿದೆ. ಅವರು ಹಾಳೆ ಜೋಡಿಸುತ್ತಲೇ ಕೇಳಿಸಿಕೊಂಡರು. ಕೊನೆಗೆ ನನಗೇ ತಡೆಯಲಾಗಲಿಲ್ಲ. "ಮೇಷ್ಟ್ರೇ, ಅವರಿಗೆ ಕಾಲು ಅಂತ ಇರೋದು ಈ ಚಿತ್ರದಲ್ಲಿ ಮಾತ್ರ. ಅದನ್ನೂ ಕಿತ್ಕೊಂಡ್ರೆ ಅವರು ಉಳಿಯಲ್ಲ" ಎಂದು ಅತ್ತುಬಿಟ್ಟೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅವರ ಹೆಂಡತಿ ತೀರಿಹೋಗುವ ಮುಂಚೆ ಬಹಳ ದಿನ ಹಾಸಿಗೆಯಲ್ಲಿದ್ದವರು. "ಮೊದ್ಲೇ ಹೇಳ್ಬಾರ್ದಿತ್ತೇನಮ್ಮ" ಎಂದರು. ಫ್ಲೋರಿಯನ್ನು ಕರೆದು, ಅಜ್ಜಿಯೊಬ್ಬಳನ್ನು ಪಂಕಜ ಕೈಯಲ್ಲೇ ಬರೆಯುತ್ತಾಳೆ, ಉಳಿದದ್ದನ್ನೆಲ್ಲ ನೀನು ಮಾಡು, ಹೇಗೋ ಹೊಂದಿಸು ಎಂದರು. ಫ್ಲೋರಿ ನನ್ನ ಮುಖ ನೋಡಿ, "ಆಯ್ತಪ್ಪ" ಎಂದಳು. ಎರಡನ್ನು ಹೊಂದಿಸುವುದು ಎಷ್ಟು ಕಷ್ಟವೆಂದು ಅವಳೊಬ್ಬಳಿಗೇ ಗೊತ್ತಿತ್ತು.

ನಾನು ಗೆದ್ದ ಹುಮ್ಮಸ್ಸಿನಲ್ಲಿ ಮನೆಗೆ ಬಂದೆ. ಇನ್ನೂ ಬಿಸಿಲಿತ್ತು. ಟಾಕೀಸಿನಲ್ಲಿ ಹೋತದ ಚಿತ್ರ ಓಡುತ್ತಿತ್ತು. ಮಧ್ಯಾಹ್ನದ ಆಟ ಮುಗಿದು ಸಂಜೆಯದಕ್ಕೆ ಇನ್ನೂ ಹೊತ್ತಿತ್ತು. ಅತ್ತೆ ದಿಂಬಿಗೆ ಒರಗಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದರು.

"ಅತ್ತೆ, ಇನ್ನು ಯೋಚನೆ ಇಲ್ಲ" ಎಂದೆ. "ಎಲ್ಲಾ ಕಂಪ್ಯೂಟರಲ್ಲಿ ಮಾಡ್ತೀವಿ ಅಂತಿದ್ರು. ನಾನು ಬಿಡ್ಲಿಲ್ಲ. ಅಜ್ಜೀನ ಮಾತ್ರ ನನ್ನ ಕೈಯಲ್ಲೇ ಬರೀತೀನಿ."

"ಕಂಪ್ಯೂಟರಲ್ಲಿ ಮಾಡಿದ್ರೆ ಮೈಗೆ ತಾಕಲ್ವಂತೆ, ಹೌದಾ? ಜಟ್ಟಪ್ಪ ಕಿಟಕಿ ಹತ್ರ ಬಂದು ಹೇಳ್ದ."

"ಹೂಂ, ತಾಕಲ್ಲ. ಅದಕ್ಕೇ ನಾನು ಜಗಳ ಆಡಿ ತಪ್ಪಿಸಿದ್ದು."

"ಹೌದಾ. ಒಳ್ಳೇದಾಯ್ತು" ಎಂದರು. ಮೊರವನ್ನೊಮ್ಮೆ ಕುಲುಕಿ, "ಈ ಸಲಾನೂ ಓಡೋದಿದ್ಯಾ?"

"ಓಡೋದಲ್ಲ ಅತ್ತೆ, ಹಾರೋದು. ತುಂಬಿದ ಹೊಳೆ ದಾಟ್ತೀರಿ, ಬಂಡೆಯಿಂದ ಬಂಡೆಗೆ."

ಅವರು ಮತ್ತೆ ಕಾಯಿ ಬಿಡಿಸತೊಡಗಿದರು. ನಾನು ಸೀರೆ ಬದಲಾಯಿಸಿಕೊಂಡು ಬಂದು ನೋಡಿದರೆ ಕಾಳೆಲ್ಲ ಸಿಪ್ಪೆಯ ಬುಟ್ಟಿಗೆ ಬಿದ್ದಿತ್ತು, ಸಿಪ್ಪೆ ಪಾತ್ರೆಯಲ್ಲಿತ್ತು. ಅವರ ಕಣ್ಣಿಂದ ನೀರು ಇಳಿದು ಗಲ್ಲದಲ್ಲಿ ನಿಂತಿತ್ತು. ಒರೆಸಿಕೊಂಡೂ ಇರಲಿಲ್ಲ.

"ಯಾಕತ್ತೆ? ಏನಾಯ್ತು?"

"ಪಂಕಜ, ಒಂದು ಮಾತು ಹೇಳ್ತೀನಿ. ನೀನು ಬೇಜಾರು ಮಾಡ್ಕೋಬಾರ್ದು."

"ಹೇಳಿ."

"ನಂಗೆ ಸಾಕಾಗಿದೆ ಕಣಮ್ಮ."

ನನಗೆ ಅರ್ಥವಾಗಲಿಲ್ಲ. ಮಂಚದ ಅಂಚಿನಲ್ಲಿ ಕೂತೆ. ಅವರು ಮೊರವನ್ನು ಪಕ್ಕಕ್ಕೆ ಸರಿಸಿ, ತಮ್ಮ ಕಾಲುಗಳ ಮೇಲೆ ಕೈ ಇಟ್ಟುಕೊಂಡು, ನನ್ನ ಕಡೆ ನೋಡದೆ ಹೇಳಿದರು.

"ಮೊದಲ್ನೇ ಸಲ ನೀನು ನಡೆಸಿದಾಗ ಎಷ್ಟು ಸಂತೋಷ ಆಯ್ತು ಅಂತ ನಿಂಗೇ ಗೊತ್ತು. ಅದು ಸುಳ್ಳಲ್ಲ. ಅಂಗಾಲಿಗೆ ಒದ್ದೆ ನೆಲ ತಣ್ಣಗೆ ತಾಕ್ತು. ಆದ್ರೆ ಆಟ ಅನ್ನೋದು ಮುಗೀತದಲ್ಲಮ್ಮ. ಮುಗಿದ ತಕ್ಷಣ ಹೋಗ್ಬಿಡ್ತದೆ. ಅವತ್ತು ಮೆಟ್ಟಿಲ ಕೆಳಗೆ ಬಿದ್ದು ಕಣ್ಣು ಬಿಟ್ಟಾಗ ಹೆಂಗಾಗಿತ್ತೋ ಹಂಗೇ. ಕಾಲೆಲ್ಲಿ ಅಂತ ಹುಡುಕ್ತೀನಿ, ಇರಲ್ಲ. ದಿನಕ್ಕೆ ಮೂರು ಸಲ ನನ್ನ ಕಾಲು ಹೋಗ್ತದೆ ಕಣೇ. ಒಂದು ಸಲ ಹೋಗಿದ್ದನ್ನೇ ಹೆಂಗೋ ತಡ್ಕೊಂಡಿದ್ದೆ."

ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಮಾಡಿಕೊಂಡು ಹೋದರು.

"ಅದೂ ಅಲ್ದೆ ಆಯಾಸ" ಎಂದರು ಅತ್ತೆ. "ರಾತ್ರಿ ಆಟ ಮುಗಿದ ಮೇಲೆ ಕಾಲು ನೋಯ್ತದೆ. ಒತ್ತೋಣ ಅಂದ್ರೆ ಕೈಗೆ ಸಿಗೋ ಕಾಲಲ್ಲಿ ನೋವಿಲ್ಲ. ನೋವಿರೋ ಕಾಲು ಕೈಗೆ ಸಿಗಲ್ಲ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅತ್ತೆ?"

"ಹೆಂಗೆ ಹೇಳ್ಲಿ? ನೀನು ಮಣಿಕಟ್ಟಿಗೆ ಬಟ್ಟೆ ಸುತ್ಕೊಂಡು ಬರೀತಿದ್ದೆ. ಅನ್ನ ಕಲಸೋಕಾಗ್ದೆ ಚಮಚದಲ್ಲಿ ತಿಂತಿದ್ದೆ. ಸೊಸೆ ನಂಗೋಸ್ಕರ ಕೈ ಸವೆಸ್ತಾ ಇರೋವಾಗ ಬೇಡ ಅನ್ನೋಕೆ ಬಾಯಿ ಬರ್ತದಾ? ಅವಳಿಗೆ ಅದ್ರಲ್ಲಿ ಸಂತೋಷ ಇದೆ, ಇರ್ಲಿ ಅಂತ ಓಡ್ದೆ."

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಮೊದಲು ಬಂದದ್ದು ನಾಚಿಕೆ. ಆಮೇಲೆ ಸ್ವಲ್ಪ ಸಿಟ್ಟು, ಯಾರ ಮೇಲೆಂದು ಗೊತ್ತಾಗದ ಸಿಟ್ಟು. ಅದೂ ಇಳಿದ ಮೇಲೆ, ತಲೆಯ ಮೇಲಿನ ಹೊರೆಯನ್ನು ಯಾರೋ ಎರಡೂ ಕೈಯಿಂದ ಎತ್ತಿಕೊಂಡ ಹಾಗಾಯಿತು. "ಅತ್ತೆ, ನಂಗೂ ಸಾಕಾಗಿತ್ತು" ಎಂದೆ.

"ಏನಂದೆ?"

"ಬರೆದೂ ಬರೆದೂ ಸಾಕಾಗಿತ್ತು. ನೀವು ಓಡ್ಲಿ ಅಂತ ಬರೀತಿದ್ದೆ."

"ನೀನು ಬರೀಲಿ ಅಂತ ನಾನು ಓಡ್ತಿದ್ದೆ" ಎಂದರು ಅತ್ತೆ.

ಅವರ ಹೊಟ್ಟೆ ಮೊದಲು ಕುಲುಕಿತು. ಆಮೇಲೆ ಇಬ್ಬರೂ ನಕ್ಕೆವು. ನಗುತ್ತ ನಗುತ್ತ ಅವರು ನನ್ನ ಮಣಿಕಟ್ಟು ಎಳೆದುಕೊಂಡು ಹರಳೆಣ್ಣೆ ತಾ ಎಂದರು. ನಾನು ತಂದುಕೊಟ್ಟೆ. ಎಣ್ಣೆ ತಿಕ್ಕುತ್ತಿದ್ದಾಗಲೇ ಟಾಕೀಸಿನ ಗಂಟೆ ಹೊಡೆಯಿತು. ಅತ್ತೆಯ ಮುಖ ಬಿಗಿಯಿತು. ಅಷ್ಟು ವರ್ಷ ನಾನು ಆ ಬಿಗಿತವನ್ನು ಉತ್ಸಾಹವೆಂದೇ ತಿಳಿದಿದ್ದೆ. ಆ ಆಟ ಮುಗಿಯುವವರೆಗೆ ನಾನು ಅಡಿಗೆ ಕೆಲಸ ಬಿಟ್ಟು ಅವರ ತಲೆ ನನ್ನ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ನನ್ನ ಗಂಡ ಬಂದ ಮೇಲೆ ಎಲ್ಲ ಹೇಳಿದೆ. ಅವರು ಕೈಕಾಲು ತೊಳೆದು, ತಾಯಿಯ ಪಕ್ಕ ಕೂತು, "ನಂಗಾದ್ರೂ ಹೇಳ್ಬಾರ್ದಿತ್ತಾ ಅವ್ವ?" ಎಂದರು.

"ನಿಂಗೆ ಹೇಳಿದ್ರೆ ನೀನು ಅವಳಿಗೆ ಹೇಳ್ತಿದ್ದೆ."

"ಹೇಳ್ತಿದ್ದೆ" ಎಂದು ಅವರು ಒಪ್ಪಿಕೊಂಡರು. ಆಮೇಲೆ ಎದ್ದು ಹೋಗಿ ಟಾಕೀಸಿನವರ ಜೊತೆ ಮಾತಾಡಿ ಬಂದರು. ಹೋತದ ಚಿತ್ರ ಆ ವಾರವೇ ತೆಗೆದರು. ಊರಿನವರಿಗೆ ಕಾರಣ ಗೊತ್ತಾಗಿ, ಯಾರೂ ಗೊಣಗಲಿಲ್ಲ. ಕಿಟಕಿಯಲ್ಲಿ ಇಣುಕಿ "ಹೊರಟ್ರಾ?" ಎಂದು ಕೇಳುತ್ತಿದ್ದವರಲ್ಲಿ ಒಬ್ಬಿಬ್ಬರು ಮೈಸೂರುಪಾಕು ಕಟ್ಟಿಕೊಂಡು ಬಂದು, ಹವಾಮಾನದ ಮಾತಾಡಿ ಹೋದರು.

ಮಾರನೆಯ ದಿನವೇ ಗೋದಾಮಿಗೆ ಹೋಗಿ ಮೇಷ್ಟ್ರಿಗೆ ಹೇಳುವುದು ನನಗೆ ಕಷ್ಟವಾಗಿತ್ತು. ಅಷ್ಟು ಅತ್ತು ಕರೆದು ಪಡೆದದ್ದನ್ನು ವಾಪಸು ಕೊಡುವುದು ಹೇಗೆ? ಆದರೆ ಮೇಷ್ಟ್ರು ಕೇಳಿ ಮುಗಿಸಿ ಉಸ್ಸೆಂದು ಕುರ್ಚಿಗೆ ಒರಗಿದರು. "ನಿನ್ನೆಯಿಂದ ನಂಗೆ ಊಟ ಸೇರಿಲ್ಲ ಕಣಮ್ಮ. ನಿನ್ನ ಗೆರೆ ತಿದ್ದಬೇಕಾದ್ರೆ ನಾನೇ ಪೆನ್ಸಿಲ್ ಹಿಡೀಬೇಕಲ್ಲ, ನನ್ನ ಕೈ ನಡುಕ ಪುಟ್ಟತಾಯಮ್ಮನ ಕಾಲಿಗೆ ಹೋದ್ರೆ ಏನ್ಗತಿ ಅಂತ" ಎಂದರು. ಹಳೆಯ ಚಿತ್ರಗಳ ರೀಲುಗಳನ್ನು ಏನು ಮಾಡುವುದೆಂದು ಅತ್ತೆಯನ್ನೇ ಕೇಳಿ ಬಾ ಎಂದರು. ಅತ್ತೆ ಒಂದು ದಿನ ಯೋಚಿಸಿ, "ಕರು ಹುಡುಕೋದು ಇರ್ಲಿ. ಅದ್ರಲ್ಲಿ ನಡೀತೀನಿ ಅಷ್ಟೇ. ವರ್ಷಕ್ಕೊಂದ್ಸಲ ಹಾಕಿ, ಮುಂಚೆ ಹೇಳಿ ಹಾಕಿ. ಮಿಕ್ಕಿದ್ದು ಬೀರುವಿಗೆ ಸೇರ್ಲಿ" ಎಂದು ಹೇಳಿಕಳಿಸಿದರು.

ಫ್ಲೋರಿಯ ಪಕ್ಕ ಒಂದು ಸ್ಟೂಲು ಹಾಕಿಕೊಂಡು ನಾನು ಕೂತದ್ದು ಹೀಗೆ. ಅವಳ ಅಜ್ಜಿ ಹುಡುಗಿಯ ಹಾಗೆ ಚಂಗನೆ ಏಳುತ್ತಿದ್ದಳು. ನಾನು ನೆಲದ ಮೇಲೆ ಕೂತು, ವಯಸ್ಸಾದವರು ಹೇಗೆ ಒಂದು ಕೈ ಮಂಡಿಗೆ ಊರಿ, ಒಂದು ಸಲ ಸುತ್ತ ನೋಡಿ, "ಶಿವಾ" ಎಂದು ಏಳುತ್ತಾರೆಂದು ಮಾಡಿ ತೋರಿಸಿದೆ. ಅವಳು ಅದನ್ನು ನಾಲ್ಕಾರು ಸಲ ಮಾಡಿಸಿದಳು. ಸೀರೆ ತಗಡಾಗುವುದನ್ನು ಸರಿಮಾಡಲು ಅವಳೂ ಹೆಣಗಿದಳು, ನಾನೂ ಮನೆಯಿಂದ ಅತ್ತೆಯ ಹಳೆಯ ನೂಲಿನ ಸೀರೆ ತಂದು ಫ್ಯಾನಿನ ಮುಂದೆ ಹಿಡಿದು ನಿಂತೆ. ಕಡೆಗೂ ಅದು ಪೂರ್ತಿ ಸರಿಹೋಯಿತೆಂದು ನಾನು ಹೇಳಲಾರೆ. ನನ್ನ ಕಣ್ಣಿಗೆ ಆ ಅಜ್ಜಿಯ ನಗುವಿನಲ್ಲಿ ಇವತ್ತಿಗೂ ಏನೋ ಒಂದು ಕಡಿಮೆ. ಆದರೆ ಹೊಳೆಯ ನೀರು ಮಾಡಿದ್ದಳು ನೋಡಿ, ಅಂಥ ನೀರನ್ನು ನಾನು ಏಳು ಜನ್ಮ ಬರೆದರೂ ಬರೆಯಲಾರೆ. ದೂರದ ಗುಡ್ಡ, ಮರ, ಬಂಡೆ, ಮೋಡ ಇಷ್ಟನ್ನು ನಾನು ಕೈಯಲ್ಲಿ ಬಣ್ಣ ಹಚ್ಚಿ ಮಾಡಿಕೊಟ್ಟೆ. ಗುಡ್ಡವನ್ನು ಎಷ್ಟು ಒತ್ತಿ ಬರೆದರೂ ಯಾರ ಬೆನ್ನೂ ನೋಯುವುದಿಲ್ಲ. ಎಷ್ಟೋ ವರ್ಷದ ಮೇಲೆ ಕುಂಚ ಹಿಡಿದಾಗ ಖುಷಿಯಾಯಿತು.

ಚಿತ್ರ ಬಿಡುಗಡೆಯ ದಿನ ಮಧ್ಯಾಹ್ನ ಅತ್ತೆ, "ನಾನೂ ಬರ್ತೀನಿ" ಎಂದರು. ಅವರು ಗುಡ್ಡದಜ್ಜಿಯ ಯಾವ ಚಿತ್ರವನ್ನೂ ಟಾಕೀಸಿನಲ್ಲಿ ನೋಡಿರಲಿಲ್ಲ. ಮೈಯಲ್ಲಿ ಓಡುವುದನ್ನು ಕಣ್ಣಲ್ಲೂ ನೋಡಿದರೆ ತಲೆ ಸುತ್ತುತ್ತದೆಂದು ಮನೆಯಲ್ಲೇ ಮಲಗುತ್ತಿದ್ದರು. ನನ್ನ ಗಂಡ ಗಾಲಿಕುರ್ಚಿ ತಂದರು. ಅತ್ತೆ ಹೊಟ್ಟೆ ತುಂಬ ಊಟ ಮಾಡಿ, ಮೇಲೊಂದು ಲೋಟ ಮಜ್ಜಿಗೆ ಕುಡಿದು, ಕುಪ್ಪಸಕ್ಕೆ ಹೊಂದುವ ಸೀರೆ ಹುಡುಕಿಸಿ ಉಟ್ಟುಕೊಂಡು ಹೊರಟರು. ಟಾಕೀಸು ತುಂಬಿತ್ತು. ಕೈಯಲ್ಲಿ ಬರೆದದ್ದೇ ಚೆಂದ ಅನ್ನುವವರು, ಕಂಪ್ಯೂಟರಿನದೇ ಚೆಂದ ಅನ್ನುವವರು, ಎರಡು ಗುಂಪೂ ಮಕ್ಕಳುಮರಿ ಕಟ್ಟಿಕೊಂಡು ಬಂದಿತ್ತು. ಜಟ್ಟಪ್ಪ ಅಂಗಡಿ ಮುಚ್ಚಿ ಹೆಂಡತಿಯ ಜೊತೆ ನಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದ.

ದೀಪ ಆರಿತು. ಮೊದಲು ನನ್ನ ಗುಡ್ಡಗಳು ಬಂದವು. ಆಮೇಲೆ ಅಜ್ಜಿ ಬಂದಳು. ಅವಳು ಮೊದಲ ಹೆಜ್ಜೆ ಎತ್ತಿದಾಗ ಅತ್ತೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅಜ್ಜಿ ನಡೆದಳು, ಓಡಿದಳು. ಅತ್ತೆಯ ಹಿಡಿತ ಮೆಲ್ಲಗೆ ಸಡಿಲವಾಯಿತು.

"ಏನಾದ್ರೂ ತಾಕ್ತಾ ಇದ್ಯಾ?" ಎಂದು ಕಿವಿಯಲ್ಲಿ ಕೇಳಿದೆ.

"ಏನೂ ಇಲ್ಲ" ಎಂದರು. ಒಂದು ಗಳಿಗೆ ಅವರ ಮುಖ ಸಪ್ಪಗಾಯಿತೇನೋ, ಕತ್ತಲಲ್ಲಿ ಸರಿಯಾಗಿ ಕಾಣಲಿಲ್ಲ. ಮತ್ತೆ ತೆರೆ ನೋಡಿ, "ಎಷ್ಟು ಜೋರಾಗಿ ಓಡ್ತಾಳೆ ನೋಡು ಮುದುಕಿ. ಬಿದ್ದಾಳು" ಎಂದರು.

ತೆರೆಯ ಮೇಲೆ ಬಿದ್ದವನು ಜಟ್ಟಪ್ಪ. ತೆಂಗಿನ ಮರದಿಂದ, ಹುಲ್ಲಿನ ಬಣವೆಯ ಮೇಲೆ, ಅಲ್ಲಿಂದ ಎಮ್ಮೆಯ ಬೆನ್ನಿಗೆ. ಟಾಕೀಸಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನೂ ಅವನೇ. ಅತ್ತೆಯೂ ಕಣ್ಣೊರೆಸಿಕೊಂಡು ನಕ್ಕರು. ಕಡಲೆಕಾಯಿ ಕೇಳಿ ತಿಂದರು. ಅಜ್ಜಿ ಹೊಳೆಯ ದಡಕ್ಕೆ ಬಂದು ನೀರು ನೋಡುತ್ತ ನಿಂತಾಗ ನನ್ನ ಭುಜಕ್ಕೆ ತಲೆ ಒರಗಿಸಿದರು.

ಹೊಳೆ ಉಕ್ಕುತ್ತಿತ್ತು. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊದಲ ಬಂಡೆಗೆ ಹಾರಿದಳು, ಅಲ್ಲಿಂದ ಇನ್ನೊಂದಕ್ಕೆ. ಮಕ್ಕಳು ಸೀಟಿನ ಮೇಲೆ ಹತ್ತಿ ನಿಂತವು. ಈಗ ಅತ್ತೆ ಏನೆನ್ನುತ್ತಾರೋ ಎಂದು ತಿರುಗಿ ನೋಡಿದೆ. ಅವರ ಬಾಯಿ ಅರ್ಧ ತೆರೆದಿತ್ತು, ಕಡಲೆಕಾಯಿಯ ಪೊಟ್ಟಣ ಮಡಿಲಲ್ಲಿ ವಾಲಿತ್ತು, ಸಣ್ಣಗೆ ಗೊರಕೆ ಬರುತ್ತಿತ್ತು. ಹಿಂದಿನಿಂದ ಜಟ್ಟಪ್ಪ ಬಗ್ಗಿ, "ಒಳ್ಳೇ ಭಾಗ ಬಂತು ಪಂಕಜಮ್ಮ, ಎಬ್ಬಿಸಲ್ವಾ?" ಎಂದ.

"ಬೇಡ" ಎಂದೆ.

ಅಜ್ಜಿ ಕೊನೆಯ ಬಂಡೆಯಿಂದ ಆಚೆ ದಡಕ್ಕೆ ಹಾರಿದಳು. ಟಾಕೀಸೆಲ್ಲ ಎದ್ದು ಚಪ್ಪಾಳೆ ಹೊಡೆಯಿತು, ಯಾರೋ ಶಿಳ್ಳೆ ಹಾಕಿದರು. ಅತ್ತೆಗೆ ಎಚ್ಚರವಾಗಲಿಲ್ಲ.